ಗಣಕಯಂತ್ರ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಹೋದರು. ಇವೆರಡರಲ್ಲಿ ಮದುವೆಯನ್ನು ನಮ್ಮ ಮಾವನವರು ಮಾಡಿ ಮುಗಿಸಿದರು. ಮನೆಯನ್ನು ನಾನು ಕಟ್ಟುವ ಲಕ್ಷಣ ಈ ಜನ್ಮದಲ್ಲಿ ಕಾಣುವುದಿಲ್ಲ. ಅತಿಥಿ ಉಪನ್ಯಾಸಕನಾದವನಿಗೆ ಕಡೂರಿನಂಥ ಊರಿನಲ್ಲಿ ಬಾಡಿಗೆಗೆ ಎರಡು ಕೋಣೆ ದೊರೆತರೆ ಅದೇ ಅರಮನೆ. ಹೀಗಾಗಿ ಆ ಗಾದೆಯ ಕಷ್ಟ ನನಗೆ ಬೇರೊಂದು ದಾರಿಯಿಂದ ಬಂದೊದಗಿತು. 2019ನೆಯ ಇಸವಿಯ ದಸರೆಯಲ್ಲಿ ಬಿಡಿಭಾಗಗಳನ್ನು ಕೊಂಡುತಂದು, ನನ್ನ ಈ ಎರಡು ಕೈಗಳಿಂದಲೇ ಒಂದು ಗಣಕಯಂತ್ರವನ್ನು ಕಟ್ಟಿದೆ. ಅಲ್ಲಿಯವರೆಗೆ ಈ ಕೈಗಳು ಮಾಡಿದ್ದ ಯಂತ್ರವಿದ್ಯೆಯೆಂದರೆ ಸೈಕಲ್ಲಿನ ಚೈನನ್ನು ಹಲ್ಲಿಗೆ ಕೂರಿಸಿದ್ದಷ್ಟೇ.

ಕನ್ನಡ ಎಂ.ಎ. ಆದವನಿಗೆ ಈ ಉಸಾಬರಿ ಏಕೆ ಬಂತು ಎಂದು ಓದುಗರು ಕೇಳಬಹುದು. ನನ್ನಾಕೆಯೂ ಅದನ್ನೇ ಕೇಳಿದಳು. ಉತ್ತರಕ್ಕಾಗಿ ಅಜ್ಜಂಪುರದ ನಮ್ಮ ಮನೆಯ ನಡುಕೋಣೆಗೆ ಬರಬೇಕು.

ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ನಿವೃತ್ತರಾದ ಮೇಲೆ 2004ರಲ್ಲಿ, ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಶಿವಮೊಗ್ಗದಿಂದ ಒಂದು ಗಣಕಯಂತ್ರವನ್ನು ತಂದರು. ಬೀದಿಗೆ ಬೀದಿಯೇ ಬಂದು ನೋಡಿಹೋಯಿತು. ಅವರಿಗೆ ಅದರಿಂದ ಆಗಬೇಕಾದದ್ದು ಒಂದೇ ಕೆಲಸ. ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ಊರು ಎಂಬುದನ್ನು ಎಲ್ಲರೂ ಬಲ್ಲರಷ್ಟೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ನಮ್ಮ ಊರಿನಲ್ಲಿದೆ. ಹಾಲು ಕಡಿಮೆ, ಕೋಪ ಹೆಚ್ಚು, ಓಟದಲ್ಲಿ ಕುದುರೆಯನ್ನು ನಾಚಿಸುವ ಜಾತಿ. ಆ ದನಗಳನ್ನೂ, ಅವು ಮೇಯುವ ಕಾವಲುಗಳನ್ನೂ ಕುರಿತು ಸುತ್ತಲಿನ ಹಳ್ಳಿಗಳ ಜನ ಆಡುವ ಮಾತುಗಳನ್ನು ಒಂದೊಂದಾಗಿ ಹೆಕ್ಕಿ, ಅರ್ಥ ಬರೆದು, ಕೋಶ ಮಾಡಬೇಕೆಂಬುದು ತಂದೆಯವರ ಹಂಬಲ. ಬಣ್ಣಕ್ಕೊಂದು ಹೆಸರು, ಕೊಂಬಿನ ಬಾಗಿಗೊಂದು ಹೆಸರು, ಹಲ್ಲಿನ ಲೆಕ್ಕಕ್ಕೊಂದು ಹೆಸರು. ಹನ್ನೊಂದು ವರ್ಷ, ಎರಡೇ ತೋರುಬೆರಳುಗಳಿಂದ, "ನುಡಿ" ತಂತ್ರಾಂಶದಲ್ಲಿ ಅಕ್ಷರ ಅಕ್ಷರವನ್ನು ಕುಟ್ಟಿದರು. ಮುದ್ರಿಸಿಡಿ ಎಂದರೆ, "ಮುದ್ರಿಸಿದರೆ ಮುಗಿಯಿತು, ತಿದ್ದಲು ಬರುವುದಿಲ್ಲ" ಎನ್ನುತ್ತಿದ್ದರು. 2016ರಲ್ಲಿ ತೀರಿಕೊಂಡರು. ಕೋಶ ಯಂತ್ರದ ಹೊಟ್ಟೆಯಲ್ಲಿಯೇ ಉಳಿಯಿತು.

ಅಮ್ಮ ಆ ಯಂತ್ರಕ್ಕೆ ಹಳೆಯ ರೇಷ್ಮೆಸೀರೆಯ ಒಂದು ತುಂಡನ್ನು ಹೊದಿಸಿದ್ದಳು. ನಾನು ಊರಿಗೆ ಹೋದಾಗಲೆಲ್ಲ ಒಮ್ಮೆ ಚಾಲೂ ಮಾಡಿ, ದೀಪ ಹತ್ತುವುದನ್ನು ನೋಡಿ, ಆರಿಸಿ ಬರುತ್ತಿದ್ದೆ. ಪ್ರತಿ ತೆಗೆದಿಡಬೇಕೆಂದು ಹೊಳೆಯಲಿಲ್ಲವೆಂದಲ್ಲ. ಮುಂದಿನ ಸಲ ಎಂದುಕೊಂಡೆ. ನಮ್ಮ ಜಾತಕದಲ್ಲಿ ಎಲ್ಲ ಕೆಲಸಕ್ಕೂ ಮುಂದಿನ ಸಲವೆಂಬುದೊಂದು ಮನೆ ಇದ್ದೇ ಇರುತ್ತದೆ. 2018ರ ಮಳೆಗಾಲದಲ್ಲಿ ಗುಂಡಿ ಒತ್ತಿದರೆ ಯಂತ್ರ ಉಸಿರಾಡಲಿಲ್ಲ. ತಂದೆಯವರು ಮುನ್ನೆಚ್ಚರಿಕೆಗೆಂದು ತುಂಬಿಸಿಟ್ಟಿದ್ದ ಹನ್ನೆರಡು ಫ್ಲಾಪಿಗಳು ಗೋಡೆಯ ಗೂಡಿನಲ್ಲಿದ್ದವು. ಹೊರತೆಗೆದು ನೋಡಿದರೆ ಒಳಗಿನ ತಟ್ಟೆಯ ಮೇಲೆ ಬೂಷ್ಟು ಬೆಳೆದಿತ್ತು.

ದೊಡ್ಡ ಊರಿನ ಅಂಗಡಿಯೊಂದಕ್ಕೆ ಹೊತ್ತೊಯ್ದೆ. ಅಂಗಡಿಯಾತ ಮುಚ್ಚಳ ತೆಗೆದು ನೋಡಿ, "ಇದನ್ನು ಗುಜರಿಗೆ ಹಾಕಿ ಸಾರ್. ಒಳಗಿನದು ಬೇಕಿದ್ದರೆ ಎಂಟು ಸಾವಿರ ಆಗುತ್ತದೆ. ಬರುತ್ತದೆಂದು ಗ್ಯಾರಂಟಿ ಕೊಡುವುದಿಲ್ಲ" ಎಂದ. ತಂದೆಯವರ ಹನ್ನೊಂದು ವರ್ಷವನ್ನು ಆತನ ಕೈಯಲ್ಲಿ ಬಿಟ್ಟುಬರಲು ಮನಸ್ಸು ಒಪ್ಪಲಿಲ್ಲ. ಮತ್ತೆ ಬಸ್ಸಿಗೆ ಹೊತ್ತು ತಂದೆ.

ಇಲ್ಲಿ ನನ್ನ ಶಿಷ್ಯನ ಪ್ರವೇಶ. ನಾನು ತರೀಕೆರೆಯಲ್ಲಿ ಪಾಠ ಹೇಳಲು ತೊಡಗಿದ ಮೊದಲ ವರ್ಷಗಳಲ್ಲಿ ಬಿ.ಎ. ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ವ್ಯಾಕರಣದ ಕಿರುಪರೀಕ್ಷೆಯಲ್ಲಿ ಅವನಿಗೆ ಸೊನ್ನೆ ಕೊಟ್ಟು, ಕೆಂಪು ಶಾಯಿಯಲ್ಲಿ "ಬರೆಯುವ ಮೊದಲು ಓದಬೇಕು" ಎಂದು ಷರಾ ಬರೆದಿದ್ದೆ. ಅವನೀಗ ತರೀಕೆರೆಯಲ್ಲಿಯೇ ಮೊಬೈಲು, ಗಣಕಯಂತ್ರಗಳ ರಿಪೇರಿ ಅಂಗಡಿ ಇಟ್ಟಿದ್ದಾನೆ. ಒಂದು ಸಂಜೆ ಬಸ್ಸು ತಪ್ಪಿ, ಅವನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕುಳಿತು ಈ ಕಥೆಯನ್ನೆಲ್ಲ ಹೇಳಿದೆ.

"ಹಳೆಯದು ಸತ್ತಿರುವುದು ಬೋರ್ಡು ಸಾರ್. ಆ ಕಾಲದ ಬೋರ್ಡುಗಳಲ್ಲಿ ಕೆಪಾಸಿಟರ್ ಊದಿಕೊಳ್ಳುವುದು ಸಾಮಾನ್ಯ. ಡಿಸ್ಕು ಬದುಕಿರಬಹುದು" ಎಂದ. ಅನಂತರ, "ಹೊಸದೊಂದನ್ನು ನೀವೇ ಜೋಡಿಸಿ. ಕಾಲೇಜಿನ ಕೆಲಸಕ್ಕೂ ಆಗುತ್ತದೆ. ಏನಾದರೂ ಕೆಟ್ಟರೆ ಆ ಭಾಗವನ್ನು ಮಾತ್ರ ಬದಲಾಯಿಸಬಹುದು" ಎಂದ.

"ನಾನೇ? ನಿನಗೆ ಕೂಲಿ ಕೊಡುತ್ತೇನಪ್ಪ, ನೀನೇ ಮಾಡಿಕೊಡು."

"ಬೇಡ ಸಾರ್. ಕೈಯಾರೆ ಜೋಡಿಸಿದರೆ ಭಯ ಹೋಗುತ್ತದೆ. ಭಯವಿದ್ದದ್ದಕ್ಕೇ ಅಲ್ಲವೇ ನೀವು ಎರಡು ವರ್ಷ ಪ್ರತಿ ತೆಗೆಯದೆ ಬಿಟ್ಟದ್ದು?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಸೊನ್ನೆ ಕೊಟ್ಟದ್ದು ಆತುರವಾಯಿತೇನೋ ಎಂದು ಮೊದಲ ಬಾರಿಗೆ ಅನಿಸಿತು.

ಅವನು ಒಂದು ಚೀಟಿ ಬರೆದುಕೊಟ್ಟ. ಅಥ್ಲಾನ್ 200ಜಿಇ ಎಂಬ ಸಂಸ್ಕಾರಕ. ಎರಡು ತಿರುಳು, ನಾಲ್ಕು ಎಳೆಯದು. ಚಿತ್ರ ಮೂಡಿಸುವ ಶಕ್ತಿ ಅದರಲ್ಲಿಯೇ ಅಡಕವಾಗಿರುವುದರಿಂದ ಪ್ರತ್ಯೇಕ ಕಾರ್ಡು ಬೇಕಿಲ್ಲ. ಅದಕ್ಕೆ ಹೊಂದುವ ಮದರ್‌ಬೋರ್ಡು. 8 ಜಿಬಿ ರ‍್ಯಾಮು. 240 ಜಿಬಿಯ ಎಸ್‌ಎಸ್‌ಡಿ. ವಿದ್ಯುತ್ತನ್ನು ಹದಮಾಡಿ ಹಂಚುವ ಎಸ್‌ಎಂಪಿಎಸ್. ಪೆಟ್ಟಿಗೆ, ಪರದೆ, ಕೀಲಿಮಣೆ. ಎಸ್‌ಎಂಪಿಎಸ್ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದ. ಬಡವರು ಉಳಿತಾಯ ಮಾಡಲು ಹೋಗಿ ಮೋಸಹೋಗುವುದು ಇಲ್ಲಿಯೇ ಅಂತೆ. ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ತಾನೊಂದೇ ಸಾಯದೆ ಜೊತೆಯಲ್ಲಿದ್ದವರನ್ನೂ ಕರೆದೊಯ್ಯುತ್ತದೆ. ಇನ್ನೊಂದು ಕಡೆ, "ಪೆಟ್ಟಿಗೆಯ ಮೇಲೆ ರೈಜೆನ್ 2000 ರೆಡಿ ಎಂಬ ಚೀಟಿ ಇರಲೇಬೇಕು" ಎಂದಿತ್ತು. ಬೋರ್ಡು ಹಳೆಯ ದಾಸ್ತಾನಿನದಾದರೆ ಅದರೊಳಗಿನ ತಂತ್ರಾಂಶ ಈ ಹೊಸ ಸಂಸ್ಕಾರಕವನ್ನು ಗುರುತಿಸುವುದಿಲ್ಲವಂತೆ.

ಖರ್ಚಿನ ಅಂದಾಜನ್ನು ಮನೆಯಲ್ಲಿ ಹೇಳಿದಾಗ ನಡೆದ ಸಂಭಾಷಣೆಯನ್ನು ಇಲ್ಲಿ ಪೂರ್ತಿಯಾಗಿ ಕೊಡುವುದಿಲ್ಲ. ಎರಡು ತಿಂಗಳ ಸಂಬಳ; ಅದೂ ತಿಂಗಳು ತಿಂಗಳಿಗೆ ಸರಿಯಾಗಿ ಬಾರದ ಸಂಬಳ. "ಕಂತಿನಲ್ಲಿ ಲ್ಯಾಪ್‌ಟಾಪು ಕೊಳ್ಳಬಹುದಲ್ಲ ರೀ. ಎಲ್ಲರೂ ಅದನ್ನೇ ಇಟ್ಟುಕೊಂಡಿದ್ದಾರೆ" ಎಂದಳು. ನಾನು ಕೋಶದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ, ಚೀಟಿಯ ಹಣದಲ್ಲಿ ಕೂಡಿಟ್ಟಿದ್ದ ಒಂಬತ್ತು ಸಾವಿರವನ್ನು ತಂದು ಮೇಜಿನ ಮೇಲಿಟ್ಟಳು. ಆ ಹಣ ಯಾವುದಕ್ಕೆಂದು ನನಗೂ ಗೊತ್ತಿತ್ತು. ಕೇಳಲಿಲ್ಲ.

ಅಕ್ಟೋಬರ್ 5, ಶನಿವಾರ, ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಸಾದರ್ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡು, ಪುರಭವನಕ್ಕೆ ಸಮೀಪದಲ್ಲಿದೆ. ಅಗಲ ಕಿರಿದಾದ ಬೀದಿ. ಎರಡು ಬದಿಯಲ್ಲಿಯೂ ಗೂಡಿನಂಥ ಅಂಗಡಿಗಳು. ಗೂಡಿನೊಳಗೆ ಮತ್ತೊಂದು ಗೂಡು. ಅವರೆಕಾಯಿ ಮಾರುವ ಹಾಗೆ ತಂತಿಗಳನ್ನು ರಾಶಿ ಹಾಕಿ ಮಾರುತ್ತಾರೆ. ನಾನು ಕನ್ನಡ ಮೇಷ್ಟರ ಅಭ್ಯಾಸದಿಂದ ಒಂದು ಅಂಗಡಿಯಲ್ಲಿ, "ಸಂಸ್ಕಾರಕ ಇದೆಯೇ?" ಎಂದು ಕೇಳಿಬಿಟ್ಟೆ. ಗಲ್ಲೆಯಲ್ಲಿದ್ದ ಮುದುಕರು ಕನ್ನಡಕದ ಮೇಲಿನಿಂದ ನೋಡಿ, "ಅದು ಇಲ್ಲ ಸ್ವಾಮಿ, ಮುಂದಿನ ಬೀದಿಯಲ್ಲಿ ನೋಡಿ" ಎಂದರು. ಅವರ ಬೆನ್ನ ಹಿಂದಿನ ಹಲಗೆಯ ಮೇಲೆ ನಲವತ್ತು ಸಂಸ್ಕಾರಕಗಳ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಪಾರಿಭಾಷಿಕ ಪದಗಳನ್ನು ಟಂಕಿಸುವ ನಮ್ಮ ಸಮಿತಿಗಳವರು ಒಮ್ಮೆ ಆ ಬೀದಿಯಲ್ಲಿ ನಡೆದುಬರುವುದು ಒಳ್ಳೆಯದು.

ಸಂಸ್ಕಾರಕಕ್ಕೆ 4,400, ಬೋರ್ಡಿಗೆ 4,600, ರ‍್ಯಾಮಿಗೆ 2,900, ಹತ್ತೊಂಬತ್ತು ಇಂಚಿನ ಪರದೆಗೆ 5,100. ಮಿಕ್ಕವು ಸೇರಿ ಒಟ್ಟು 23,400 ರೂಪಾಯಿ. ಒಂದು ಅಂಗಡಿಯಲ್ಲಿ ಬಿಲ್ಲು ಬೇಕೆಂದದ್ದಕ್ಕೆ ಬೆಲೆ ಮುನ್ನೂರು ಏರಿತು. ಸಂಸ್ಕಾರಕಕ್ಕೆ ಮೂರು ವರ್ಷದ ಖಾತರಿ ಬಿಲ್ಲಿಲ್ಲದೆ ನಡೆಯದೆಂದು ಶಿಷ್ಯ ಹೇಳಿದ್ದರಿಂದ ನಾನು ಪಟ್ಟು ಹಿಡಿದೆ, ಅರ್ಧ ಗಂಟೆ ನಿಂತೆ, ಮುನ್ನೂರನ್ನು ಇಳಿಸಿಯೇ ಹೊರಬಂದೆ. ಬೋರ್ಡಿನ ಪೆಟ್ಟಿಗೆಯ ಮೇಲೆ ಆ ಚೀಟಿ ಇದೆಯೇ ಎಂದು ಮೂರು ಸಲ ನೋಡಿದೆ.

ಹಿಂತಿರುಗುವ ರೈಲಿನಲ್ಲಿ ದಸರೆಯ ಜನಸಂದಣಿ. ಪರದೆಯ ಪೆಟ್ಟಿಗೆ ತೊಡೆಯ ಮೇಲೆ, ಮಿಕ್ಕವು ಕಾಲಡಿಯಲ್ಲಿ, ಸಂಸ್ಕಾರಕದ ಡಬ್ಬಿ ಎದೆಗವಚಿದ ಕೈಚೀಲದಲ್ಲಿ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಒಂದೊಂದಾಗಿ ಕತ್ತಲೆಯಲ್ಲಿ ಸರಿದವು. ಎದುರು ಕುಳಿತ ರೈತರೊಬ್ಬರು, "ಟಿ.ವಿ.ಯೋ?" ಎಂದು ಕೇಳಿದರು. ವಿವರಿಸಿದೆ. "ಬಿಡಿಬಿಡಿಯಾಗಿ ತಂದರೆ ಬಂಡಿ ಕಟ್ಟಿದ ಹಾಗೆ ಬಿಡಿ. ಅಚ್ಚು ನೆಟ್ಟಗಿದ್ದರೆ ಆಯಿತು" ಎಂದರು.

ಭಾನುವಾರ ಮಧ್ಯಾಹ್ನ ಅಜ್ಜಂಪುರದಲ್ಲಿ, ತಂದೆಯವರ ಮೇಜಿನ ಮೇಲೆ ಕೆಲಸ ಆರಂಭವಾಯಿತು. ಶಿಷ್ಯ ಫೋನಿನಲ್ಲಿ ಮೊದಲು ಹೇಳಿದ ಮಾತು: "ಬೋರ್ಡಿನ ಜೊತೆಯಲ್ಲಿ ಒಂದು ಪುಸ್ತಕವಿದೆ ಸಾರ್. ಕೈ ಹಾಕುವ ಮೊದಲು ಓದಬೇಕು." ಅವನು ನನ್ನ ಷರಾವನ್ನು ನೆನೆದು ಹೇಳಿದನೋ, ಸಹಜವಾಗಿ ಹೇಳಿದನೋ ಇಂದಿಗೂ ತಿಳಿಯದು.

ಓದಿದೆ. ಮೈಯ ಮೇಲಿನ ಸ್ಥಿರವಿದ್ಯುತ್ತು ಭಾಗಗಳನ್ನು ಸುಡಬಹುದೆಂದು ಆಗಾಗ ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟುತ್ತ, ಮಡಿಯಲ್ಲಿದ್ದವನಂತೆ ಕುಳಿತೆ. ಸಂಸ್ಕಾರಕದ ತಳದಲ್ಲಿ 1331 ಸೂಜಿಗಳಿವೆ. ಒಂದು ಬಾಗಿದರೂ 4,400 ರೂಪಾಯಿ ಬಾಗಿದಂತೆಯೇ. ಅದರ ಒಂದು ಮೂಲೆಯಲ್ಲಿ ಚಿನ್ನದ ಬಣ್ಣದ ಸಣ್ಣ ತ್ರಿಕೋನ. ಬೋರ್ಡಿನ ಕುಳಿಯಲ್ಲಿಯೂ ಅಂಥದೇ ಗುರುತು. ಎರಡನ್ನೂ ಒಂದುಗೂಡಿಸಿ ಸುಮ್ಮನೆ ಬಿಟ್ಟರೆ ತನ್ನ ಭಾರದಿಂದಲೇ ಇಳಿದು ಕೂರಬೇಕು, ಒತ್ತಬಾರದು. ಉಸಿರು ಹಿಡಿದು ಬಿಟ್ಟೆ. ಕುಳಿತಿತು. ಪಕ್ಕದ ಸರಳನ್ನು ಮಡಚಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ, "ಮೂಗುತಿ ಇಟ್ಟ ಹಾಗಿದೆ" ಎಂದಳು. ಅದರ ಮೇಲೆ ಗಾಳಿಯಂತ್ರ. ಅದರ ತಳಕ್ಕೆ ಬೂದುಬಣ್ಣದ ಲೇಪ ಮೊದಲೇ ಬಳಿದಿರುತ್ತದೆ.

ಇಷ್ಟಾದ ಮೇಲೆ ನನಗೆ ಧೈರ್ಯ ಹೆಚ್ಚಾಯಿತು. ಬೋರ್ಡನ್ನು ಪೆಟ್ಟಿಗೆಯಲ್ಲಿರಿಸಿ ಸ್ಕ್ರೂಗಳನ್ನೆಲ್ಲ ಬಿಗಿದು ನೋಡಿದರೆ, ಹಿಂಬದಿಯ ಕಿಂಡಿಗೆ ಮೊದಲೇ ಕೂರಿಸಬೇಕಾಗಿದ್ದ ತಗಡು ಚಾಪೆಯ ಮೇಲೆ ನಗುತ್ತ ಬಿದ್ದಿತ್ತು. ಎಲ್ಲವನ್ನೂ ಬಿಚ್ಚಿ ಮತ್ತೆ ಬಿಗಿದೆ. ಆ ತಗಡಿನ ಅಂಚು ಹೆಬ್ಬೆರಳನ್ನು ಕೊಯ್ದಿತು. ಅಮ್ಮ ಅರಿಸಿನ ಒತ್ತಿದಳು. ಯಂತ್ರಕ್ಕೆ ರಕ್ತತರ್ಪಣವಾಯಿತು, ಇನ್ನು ಓಡುತ್ತದೆ ಎಂದು ನನ್ನಾಕೆ ಹಾಸ್ಯ ಮಾಡಿದಳು.

ಓಡಲಿಲ್ಲ. ರಾತ್ರಿ ಎಂಟು ಗಂಟೆಗೆ ಗುಂಡಿ ಒತ್ತಿದೆ. ಗಾಳಿಯಂತ್ರ ತಿರುಗಿತು, ಸಣ್ಣ ದೀಪವೊಂದು ಹತ್ತಿತು. ಪರದೆ ಮಾತ್ರ ಅಮಾವಾಸ್ಯೆ. ಆರಿಸಿ ಹತ್ತಿಸಿದೆ. ಮತ್ತೆ ಅಮಾವಾಸ್ಯೆಯೇ. ಎರಡು ತಿಂಗಳ ಸಂಬಳ, ನನ್ನಾಕೆಯ ಒಂಬತ್ತು ಸಾವಿರ, ಎಲ್ಲವೂ ಆ ಕಪ್ಪು ಚೌಕದೊಳಗೆ ಇಳಿದುಹೋದಂತೆ ಕಂಡಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಶಿಷ್ಯನ ಫೋನು ತೆಗೆಯಲಿಲ್ಲ. ಹಬ್ಬದ ಹಿಂದಿನ ರಾತ್ರಿ ಅವನಿಗೂ ಮನೆಯಿದೆಯಲ್ಲ. ತಂದೆಯವರ ಕುರ್ಚಿಯಲ್ಲಿಯೇ ಕುಳಿತು ಆ ಪುಸ್ತಕವನ್ನು ಹನ್ನೆರಡು ಗಂಟೆಯವರೆಗೆ ಓದಿದೆ. ಹಳಗನ್ನಡಕ್ಕಿಂತ ಕಠಿಣವಾದ ಶೈಲಿ.

ಬೆಳಿಗ್ಗೆ ಆರು ಗಂಟೆಗೆ ಅವನೇ ಕರೆ ಮಾಡಿದ. ಲಕ್ಷಣಗಳನ್ನು ಕೇಳಿ, "ರ‍್ಯಾಮು ಕೂರಿಸಿದಾಗ ಟಕ್ ಎಂದು ಶಬ್ದ ಬಂತೇ ಸಾರ್?" ಎಂದ.

"ಮೃದುವಾಗಿ ಇಟ್ಟೆನಪ್ಪ. ಒತ್ತಿದರೆ ಮುರಿಯುತ್ತದೆಂದು ಭಯವಾಯಿತು."

"ಸಂಸ್ಕಾರಕವನ್ನು ಒತ್ತಬಾರದು. ರ‍್ಯಾಮನ್ನು ಒತ್ತಬೇಕು. ಎರಡು ಹೆಬ್ಬೆರಳಿಟ್ಟು ಒತ್ತಿ."

ಗಾಯವಾದ ಹೆಬ್ಬೆರಳನ್ನೂ ಸೇರಿಸಿ ಒತ್ತಿದೆ. ಮದರ್‌ಬೋರ್ಡು ಬಿಲ್ಲಿನಂತೆ ಬಾಗಿತು, ಮನಸ್ಸಿನಲ್ಲಿ ಮನೆದೇವರನ್ನು ನೆನೆದೆ, ಟಕ್ ಎಂದಿತು. ಗುಂಡಿ ಅದುಮಿದರೆ ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರಂತೆ.

ಆ ದಿನ ಆಯುಧಪೂಜೆ. ತಂದೆಯವರು ಹೋದ ಮೇಲೆಯೂ ಅಮ್ಮ ಪ್ರತಿವರ್ಷ ಹಳೆಯ ಯಂತ್ರಕ್ಕೆ ಕುಂಕುಮವಿಟ್ಟು ಹೂ ಮುಡಿಸುತ್ತಿದ್ದಳು, ಅದು ಸತ್ತ ವರ್ಷವೂ ಬಿಟ್ಟಿರಲಿಲ್ಲ. ಈಗ ಎರಡಕ್ಕೂ ಇಟ್ಟಳು. ಗಾಳಿಯ ಕಿಂಡಿಗೆ ಕುಂಕುಮದ ಪುಡಿ ಬೀಳದಂತೆ ಕಾಯುವುದು ನನ್ನ ಪಾಲಿನ ಪೂಜೆ. ಆಮೇಲೆ ಪೆನ್‌ಡ್ರೈವಿನಿಂದ ಉಬುಂಟು ಹಾಕಿದೆ, ಅದಕ್ಕೆ ದುಡ್ಡಿಲ್ಲ. ಅದರೊಡನೆ ಸೇರಿಸಬಹುದಾದ ಕನ್ನಡ ಅಕ್ಷರಶೈಲಿಗಳಲ್ಲಿ ಒಂದರ ಹೆಸರು ಗುಬ್ಬಿ, ಇನ್ನೊಂದರದು ನವಿಲು. ಹಿಂದಿನ ರಾತ್ರಿಯಷ್ಟೇ ಗುಬ್ಬಿ ನಿಲ್ದಾಣವನ್ನು ದಾಟಿ ಬಂದಿದ್ದ ನನಗೆ ಅದೊಂದು ಶುಭಶಕುನವಾಗಿ ಕಂಡಿತು. ಹಿಂದಿನ ರಾತ್ರಿಯಲ್ಲ, ಅದರ ಹಿಂದಿನ ರಾತ್ರಿ. ಹಬ್ಬದಲ್ಲಿ ದಿನಗಳು ಕಲಸಿಹೋಗಿದ್ದವು.

ಮಧ್ಯಾಹ್ನ ಶಿಷ್ಯನೇ ತರೀಕೆರೆಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದ, ಹಣೆಯಲ್ಲಿ ತನ್ನ ಅಂಗಡಿಯ ಪೂಜೆಯ ಕುಂಕುಮ. ಹಳೆಯ ಡಿಸ್ಕಿನದು ನಲವತ್ತು ಹಲ್ಲುಗಳ ಅಗಲವಾದ ಪಟ್ಟಿ. ಹೊಸ ಬೋರ್ಡುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ನಡುವೆ ಕೂರಿಸುವ ಪರಿವರ್ತಕವೊಂದನ್ನು ಅವನು ತಂದಿದ್ದ. ಸೇರಿಸಿದಾಗ ಡಿಸ್ಕು ಗುರ್ ಎಂದಿತು, ನಿಂತಿತು, ಎರಡು ಸಲ ಕಟಕಟ ಎಂದಿತು. ಅವನ ಮುಖ ಗಂಭೀರವಾಯಿತು. "ಏನನ್ನೂ ತೆರೆದು ನೋಡಬೇಡಿ ಸಾರ್. ಮೊದಲು ಎಲ್ಲ ಪ್ರತಿಯಾಗಲಿ." ಇಪ್ಪತ್ತು ನಿಮಿಷ ಮೂವರೂ ಪರದೆಯ ಮೇಲಿನ ಪಟ್ಟೆ ಉದ್ದವಾಗುವುದನ್ನು ನೋಡುತ್ತ ಕುಳಿತೆವು. ಅಮ್ಮ ಕೋಣೆಗೆ ಬರಲಿಲ್ಲ; ಅಡಿಗೆಮನೆಯಲ್ಲಿ ಪಾತ್ರೆಯ ಸದ್ದೂ ಇರಲಿಲ್ಲ.

ಪ್ರತಿಯಾಯಿತು. "ಪದಗಳು" ಎಂಬ ಕಡತವನ್ನು ತೆರೆದೆ. ನನ್ನ ಎದೆ ಧಸಕ್ಕೆಂದಿತು. ಪುಟದ ತುಂಬ ರೋಮನ್ ಅಕ್ಷರಗಳು, ತಲೆಯ ಮೇಲೆ ಗೀಟುಳ್ಳ ವಿಚಿತ್ರ ಲಿಪಿಗಳು, ಎಲ್ಲಿ ನೋಡಿದರಲ್ಲಿ ಇಂಗ್ಲಿಷರ ಪೌಂಡು ನಾಣ್ಯದ ಚಿಹ್ನೆ. ಹನ್ನೊಂದು ವರ್ಷ ತಂದೆಯವರು ಬರೆದದ್ದು ಇದನ್ನೇ?

ಶಿಷ್ಯ ನಕ್ಕ. "ಹೆದರಬೇಡಿ. ಇದು ಹಳೆಯ ನುಡಿ. ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸಿದ್ದರು. ಆ ಪೌಂಡೇ ನಮ್ಮ ನಕಾರ. ತಲೆಯ ಮೇಲೆ ಗೀಟುಳ್ಳ ಅಕ್ಷರ ನಮ್ಮ ತಲೆಕಟ್ಟು." ಬಾಡಿಗೆ ಮನೆಯ ವಿಷಯ ನನಗೆ ಬೇಗ ಅರ್ಥವಾಗುತ್ತದೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ದೊರೆತಿತ್ತಾದರೂ, ನಾವು ಒಕ್ಕಲು ಬದಲಿಸಲು ಬಹುಕಾಲ ಹಿಡಿಯಿತು. ಹಳೆಯದನ್ನು ಹೊಸದಕ್ಕೆ ತಿರುಗಿಸುವ ತಂತ್ರಾಂಶಗಳನ್ನು ಪುಣ್ಯಾತ್ಮರಾದ ಕನ್ನಡಿಗರು ಬರೆದು ಉಚಿತವಾಗಿ ಹಂಚಿದ್ದಾರೆ. ಅದರಲ್ಲಿ ಹಾಕಿ ತೆಗೆದೊಡನೆ ತಂದೆಯವರ ಕನ್ನಡ ಸಾಲುಸಾಲಾಗಿ ಎದ್ದು ನಿಂತಿತು. 2,140 ಪದಗಳು.

ಅಲ್ಲಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿತ್ತು. "ಧರ್ಮ ಎಂದು ಬರೆಯುವಾಗ ಕಣ್ಣಿಗೆ ಮಕಾರ ಮೊದಲು, ರೇಫ ಆಮೇಲೆ. ಕಿವಿಗೆ ರೇಫ ಮೊದಲು. ಹಳೆಯದು ಕಣ್ಣಿನ ಲೆಕ್ಕ, ಯೂನಿಕೋಡು ಕಿವಿಯ ಲೆಕ್ಕ. ಅಲ್ಲಿ ಎಡವುತ್ತದೆ" ಎಂದು ವಿವರಿಸಿ, "ಅಕ್ಷರವೆಂದರೆ ಗೆರೆಯಲ್ಲ, ಧ್ವನಿ ಎಂದು ಕೇಶಿರಾಜನ ಪಾಠದಲ್ಲಿ ನೀವೇ ಹೇಳಿದ್ದಿರಿ ಸಾರ್" ಎಂದ. ಕೊನೆಯ ಬೆಂಚಿನಲ್ಲಿ ಅವನು ನಿದ್ದೆ ಮಾಡುತ್ತಿದ್ದನೆಂದು ನಾನು ತಿಳಿದಿದ್ದೆ.

ಅಮ್ಮನನ್ನು ಕರೆದೆ. ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅಕ್ಷರವನ್ನು ದೊಡ್ಡದು ಮಾಡಿ, ಕಣ್ಣಿಗೆ ಬಿದ್ದ ಒಂದು ಪದವನ್ನು ಓದಿದೆ: "ಮಣಕ: ಕಡಸು ನೋಡಿ." ಕಡಸಿನ ಬಳಿಗೆ ಹೋದರೆ ಅಲ್ಲಿ, "ಕಡಸು: ಮಣಕ ನೋಡಿ" ಎಂದಿತ್ತು. ಶಿಷ್ಯನೂ ನಾನೂ ನಗು ತಡೆಯದಾದೆವು. ಅಮ್ಮ ನಗಲಿಲ್ಲ.

"ಎರಡೂ ಒಂದೇ ಎಂದು ಯಾರು ಹೇಳಿದರು? ಹೋರಿಗೆ ಬಿಡುವ ಪ್ರಾಯ ಇನ್ನೂ ಬಾರದ್ದು ಕಡಸು. ಬಂದದ್ದು ಮಣಕ. ಇಲ್ಲಿಯೇ ಕೂತು ನಾನು ಇವರಿಗೆ ಹೇಳಿದ್ದೆ. ಬರೆದುಕೊಂಡೆ ಬರೆದುಕೊಂಡೆ ಎಂದರು, ಬರೆದಿಲ್ಲ ನೋಡು."

"ನೀನು ಹೇಳಿದ್ದೆಯಾ ಅಮ್ಮ?"

"ಮತ್ತೆ? ನಿಮ್ಮಪ್ಪ ಯಾವತ್ತು ಕೊಟ್ಟಿಗೆಯೊಳಗೆ ಕಾಲಿಟ್ಟಿದ್ದರು? ದನಗಾಹಿಗಳ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅರ್ಧಕ್ಕೆ ಅರ್ಧ ನಾನು ಹೇಳಿದ್ದೇ ಇರಬೇಕು. ಎಲ್ಲಿ, ಮುಂದಿನದನ್ನು ಓದು."

ಕುರ್ಚಿಯನ್ನು ಅವಳಿಗೆ ಬಿಟ್ಟು ನಾನು ಸ್ಟೂಲಿಗೆ ಸರಿದೆ. ಆ ಸಂಜೆ ಹದಿನೇಳು ಪದಗಳಾದವು. ಹದಿನೇಳರಲ್ಲಿ ಐದು ತಪ್ಪು. ಅಂದಿನಿಂದ ಬಿಡುವಿನ ಭಾನುವಾರಗಳಲ್ಲಿ ಕಡೂರಿನಿಂದ ಅಜ್ಜಂಪುರಕ್ಕೆ ಹೋಗುತ್ತೇನೆ. ನಡುವೆ 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಆಗ ಅಮ್ಮ ಫೋನಿನಲ್ಲಿಯೇ ತಿದ್ದಿಸಿದಳು. ಎಸ್‌ಎಂಪಿಎಸ್ ಇನ್ನೂ ಸತ್ತಿಲ್ಲ. ಪ್ರತಿಗಳು ಈಗ ಮೂರು ಕಡೆ ಇವೆ, ಒಂದು ತರೀಕೆರೆಯ ಆ ಅಂಗಡಿಯಲ್ಲಿ. ಕೋಶದ ಮುಖಪುಟದಲ್ಲಿ ತಂದೆಯವರು ತಮ್ಮ ಹೆಸರೊಂದನ್ನೇ ಹಾಕಿಕೊಂಡಿದ್ದರು. ಅದನ್ನು ತಿದ್ದಲೇ ಎಂದು ಕೇಳಿದರೆ ಅಮ್ಮ, "ಮೊದಲು ಒಳಗಿನದನ್ನು ಸರಿಮಾಡು" ಎನ್ನುತ್ತಾಳೆ. ಹೋದ ವಾರ ಹಕಾರಕ್ಕೆ ಬಂದಿದ್ದೇವೆ. ಹೋರಿಗೆ ತಂದೆಯವರು ಅರ್ಧ ಪುಟ ಬರೆದಿದ್ದಾರೆ. ಅಮ್ಮ ಎರಡು ಪುಟ ಹೇಳುವ ಹಾಗೆ ಕಾಣುತ್ತದೆ.